ನವೋದಯ ಕೋಚಿಂಗ್: ಭಾನುವಾರದ ಟೆಸ್ಟಿಗೆ ಹೌದು, ವಸತಿ ಬ್ಯಾಚಿಗೆ ಬೇಡ

ಜವಾಹರ್ ನವೋದಯ ವಿದ್ಯಾಲಯದ ಆರನೆಯ ತರಗತಿಯ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಒಂದು ಕೋಚಿಂಗ್ ಕೇಂದ್ರದ ಸೇವೆಯನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಕೇಂದ್ರ ಇರುವುದು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಪಟ್ಟಣದಲ್ಲಿ. ಹೆಸರು ಬರೆಯುತ್ತಿಲ್ಲ, ಒಂದು ಬೋರ್ಡಿನ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ನನ್ನ ಉದ್ದೇಶವಲ್ಲ, ಇಂಥ ಕೇಂದ್ರದ ಬಾಗಿಲಲ್ಲಿ ನಿಂತು ಸೇರಿಸಬೇಕೋ ಬೇಡವೋ ಎಂದು ತೂಗಿ ನೋಡುತ್ತಿರುವ ತಂದೆತಾಯಿಗೆ ಉಪಯೋಗವಾಗುವಷ್ಟು ವಿವರ ಕೊಡುವುದು ಉದ್ದೇಶ. ನನ್ನ ಮಗಳು ಇಲ್ಲಿನ ಶನಿವಾರ-ಭಾನುವಾರದ ಬ್ಯಾಚಿಗೆ ಹೋದಳು. ನನ್ನ ಅಕ್ಕನ ಮಗ ಅದೇ ಸಂಸ್ಥೆಯ ವಸತಿ ಬ್ಯಾಚಿನಲ್ಲಿದ್ದ. ಹೀಗಾಗಿ ಒಂದೇ ಸಂಸ್ಥೆ ಮಾರುವ ಎರಡು ಸರಕುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ನನಗೆ ದೊರೆಯಿತು. ಇಬ್ಬರೂ ಪರೀಕ್ಷೆ ಬರೆದಿದ್ದಾರೆ, ಫಲಿತಾಂಶ ಇನ್ನೂ ಬಂದಿಲ್ಲ. ಬರುವ ಮೊದಲೇ ಬರೆದು ಮುಗಿಸಬೇಕೆಂದು ಬೇಕೆಂದೇ ಅವಸರ ಮಾಡಿದ್ದೇನೆ, ಏಕೆಂದರೆ ಸೀಟು ಸಿಕ್ಕವರು ಕೋಚಿಂಗನ್ನು ಹೊಗಳುವುದೂ ಸಿಗದವರು ತೆಗಳುವುದೂ ನಮ್ಮಲ್ಲಿ ರೂಢಿಯಾಗಿದೆ. ಎರಡರಿಂದಲೂ ಕೋಚಿಂಗ್ ಏನು ಕಲಿಸಿತು ಎಂಬುದು ತಿಳಿಯುವುದಿಲ್ಲ.

ಪರೀಕ್ಷೆಯ ಸ್ವರೂಪ ಗೊತ್ತಿಲ್ಲದೆ ಕೋಚಿಂಗಿನ ಬೆಲೆ ಕಟ್ಟಲು ಆಗದು. ಎರಡು ಗಂಟೆಯ ಅವಧಿಯಲ್ಲಿ 80 ಪ್ರಶ್ನೆ, ಒಟ್ಟು 100 ಅಂಕ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆ ಮತ್ತು 50 ಅಂಕ, ಮಾನಸಿಕ ಸಾಮರ್ಥ್ಯದ್ದು. ಇವೆಲ್ಲವೂ ಆಕೃತಿಗಳೇ, ಪ್ರತಿ ಬಗೆಯ ಸೂಚನೆ ಬಿಟ್ಟರೆ ಓದಲು ಏನೂ ಇರುವುದಿಲ್ಲ. ಉಳಿದ ಅರ್ಧವನ್ನು ಅಂಕಗಣಿತ ಮತ್ತು ಭಾಷೆ ತಲಾ 20 ಪ್ರಶ್ನೆ, 25 ಅಂಕಗಳಂತೆ ಹಂಚಿಕೊಳ್ಳುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕನ್ನಡದಲ್ಲೇ ಬರೆಯಬಹುದು. ಸಾಮಾನ್ಯ ಜ್ಞಾನವಿಲ್ಲ, ಪರಿಸರ ಅಧ್ಯಯನವಿಲ್ಲ, ಕನ್ನಡ ಆರಿಸಿಕೊಂಡ ಮಗುವಿಗೆ ಇಂಗ್ಲಿಷ್ ಕೂಡ ಇಲ್ಲ. ಈ ಕೊನೆಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದಕ್ಕೆ ಇಷ್ಟೊಂದು ನೂಕುನುಗ್ಗಲು ಏಕೆ ಎಂಬುದನ್ನು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಯೋಗವಾಗಿ ಶುರುವಾಗಿ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಅಡಿಯಲ್ಲಿ ದೇಶದ ತುಂಬ ಹರಡಿದ ಈ ಶಾಲೆಗಳಲ್ಲಿ ಊಟ, ವಸತಿ, ಸಮವಸ್ತ್ರ, ಪಠ್ಯಪುಸ್ತಕ ಎಲ್ಲವೂ ಉಚಿತ. ಸೀಟುಗಳಲ್ಲಿ ಕನಿಷ್ಠ ಶೇಕಡಾ 75 ಗ್ರಾಮೀಣ ಮಕ್ಕಳಿಗೆ, ಒಟ್ಟು ಸೀಟಿನ ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಆದರೆ ಒಂದು ಶಾಲೆಗೆ ವರ್ಷಕ್ಕೆ ಸೇರಿಸಿಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು, ಮತ್ತು ಒಂದು ಮಗು ಈ ಪರೀಕ್ಷೆಯನ್ನು ಐದನೆಯ ತರಗತಿಯಲ್ಲಿ ಓದುತ್ತಿರುವಾಗ ಒಮ್ಮೆ ಮಾತ್ರ ಬರೆಯಬಹುದು. ಒಂದೇ ಅವಕಾಶ ಎಂಬ ಈ ನಿಯಮವೇ ಕೋಚಿಂಗ್ ಕೇಂದ್ರಗಳ ನಿಜವಾದ ಬಂಡವಾಳ. ನಾನು ವಿಚಾರಿಸಲು ಹೋದ ದಿನ ಕಚೇರಿಯಲ್ಲಿ ಕುಳಿತಿದ್ದವರು ಮಗಳ ತರಗತಿ ಕೇಳಿ, "ನಾಕನೇತ್ತಾ ಇದ್ದಾಗನ ಹಚ್ಚಬೇಕ್ರಿ ಸರ, ಐದನೇತ್ತಾಕ ಬಂದ್ರ ಭಾಳ ತಡ ಆಗ್ತೈತಿ" ಎಂದರು. ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಪರೀಕ್ಷಿಸುವುದೇ ಈ ಬರಹದ ಕೆಲಸ.

ಮೊದಲು ಕೇಂದ್ರಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸುತ್ತೇನೆ. ಆಕೃತಿಗಳ ಭಾಗವನ್ನು ಇವರು ಕಲಿಸುವ ರೀತಿ ನಿಜಕ್ಕೂ ಚೆನ್ನಾಗಿದೆ. ಈ ಭಾಗದಲ್ಲಿ ತಲಾ ನಾಲ್ಕು ಪ್ರಶ್ನೆಗಳ ಹತ್ತು ಬಗೆಗಳಿರುತ್ತವೆ: ಗುಂಪಿಗೆ ಸೇರದ ಆಕೃತಿಯನ್ನು ಗುರುತಿಸುವುದು, ಅದೇ ಆಕೃತಿಯನ್ನು ಹುಡುಕುವುದು, ಬಿಟ್ಟುಹೋದ ತುಂಡನ್ನು ಸೇರಿಸುವುದು, ಸರಣಿಯನ್ನು ಮುಂದುವರಿಸುವುದು, ಕನ್ನಡಿಯ ಬಿಂಬ, ಮಡಚಿ ತೂತು ಮಾಡಿದ ಕಾಗದ, ದೊಡ್ಡ ಆಕೃತಿಯೊಳಗೆ ಅಡಗಿರುವ ಚಿಕ್ಕ ಆಕೃತಿ ಇತ್ಯಾದಿ. ಸರ್ಕಾರಿ ಪ್ರಾಥಮಿಕ ಶಾಲೆಯ ಯಾವ ಪಠ್ಯಪುಸ್ತಕದಲ್ಲೂ ಈ ರೂಪದ ಪ್ರಶ್ನೆ ಸರಿಯಾಗಿ ಬರುವುದಿಲ್ಲ. ಮೊದಲ ಸಲ ನೋಡಿದ ಮಗುವಿಗೆ ಪ್ರಶ್ನೆ ಏನು ಎಂಬುದೇ ಅರ್ಥವಾಗುವುದಿಲ್ಲ. ಉತ್ತರ ತಿಳಿಯದಿರುವುದಕ್ಕೂ ಪ್ರಶ್ನೆಯೇ ತಿಳಿಯದಿರುವುದಕ್ಕೂ ಇರುವ ಅಂತರ ದೊಡ್ಡದು. ಇಲ್ಲಿನ ಆಕೃತಿ ಕಲಿಸುವ ಶಿಕ್ಷಕರು ಮೊದಲ ತರಗತಿಯಲ್ಲಿ ಗೈಡನ್ನು ತೆರೆಸಲೇ ಇಲ್ಲ. ಹಳೆಯ ನೋಟ್‌ಬುಕ್ಕಿನ ಹಾಳೆಗಳನ್ನು ಚೌಕವಾಗಿ ಕತ್ತರಿಸಿ ಪ್ರತಿ ಮಗುವಿಗೂ ಒಂದೊಂದು ಹಿಡಿ ಕೊಟ್ಟು, ಎರಡು ಮಡಿಕೆ ಹಾಕಿಸಿ, ಕಂಪಾಸಿನ ಮೊನೆಯಿಂದ ಒಂದು ಮೂಲೆಯಲ್ಲಿ ತೂತು ಮಾಡಿಸಿ, ಬಿಚ್ಚುವ ಮೊದಲು ತೂತುಗಳು ಎಲ್ಲೆಲ್ಲಿ ಬರುತ್ತವೆ ಎಂದು ಮತ್ತೊಂದು ಹಾಳೆಯಲ್ಲಿ ಚುಕ್ಕೆ ಇಡಿಸಿದರು. ಬಿಚ್ಚಿ ನೋಡಿದಾಗ ಚುಕ್ಕೆ ಮತ್ತು ತೂತು ಹೊಂದದಿದ್ದರೆ ಮಗು ತಾನೇ ಮತ್ತೆ ಮಡಚುತ್ತಿತ್ತು. ಕನ್ನಡಿಯ ಬಿಂಬಕ್ಕೆ ಅಂಗೈಯಗಲದ ಕನ್ನಡಿಯೊಂದನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಮಗಳು ಮನೆಗೆ ಬಂದು ಕ್ಯಾಲೆಂಡರಿನ ಹಾಳೆಯನ್ನೂ ಬಿಡದೆ ಮಡಚಿ ತೂತು ಮಾಡಿದಳು. ಇಂಥ ಪಾಠಕ್ಕೆ ಹಣ ಕೊಡಲು ನನಗೆ ಬೇಸರವಿಲ್ಲ.

ಎರಡನೆಯ ಮೆಚ್ಚುಗೆ ಒಎಂಆರ್ ಹಾಳೆಯ ಅಭ್ಯಾಸಕ್ಕೆ. ದೊಡ್ಡವರಿಗೆ ಇದು ಹೇಳುವಂಥ ವಿಷಯವೇ ಅಲ್ಲ ಎನಿಸಬಹುದು. ಆದರೆ ಹತ್ತು ವರ್ಷದ ಮಗುವಿಗೆ ಪ್ರಶ್ನೆಪತ್ರಿಕೆ ಒಂದು ಕಡೆ, ಉತ್ತರದ ವೃತ್ತಗಳು ಇನ್ನೊಂದು ಕಡೆ ಇರುವುದೇ ಹೊಸತು. ಹದಿನೇಳನೆಯ ಪ್ರಶ್ನೆ ಕಷ್ಟವೆಂದು ಬಿಟ್ಟು ಹದಿನೆಂಟಕ್ಕೆ ಹೋದ ಮಗು, ಹಾಳೆಯಲ್ಲಿ ಹದಿನೇಳರ ಸಾಲಿನ ವೃತ್ತವನ್ನೇ ತುಂಬಿಬಿಡುತ್ತದೆ. ಅಲ್ಲಿಂದಾಚೆಗೆ ಪ್ರತಿ ಉತ್ತರವೂ ಒಂದೊಂದು ಮನೆ ಮೇಲಕ್ಕೆ ಜರುಗಿ, ಗೊತ್ತಿದ್ದ ಲೆಕ್ಕಗಳೆಲ್ಲ ತಪ್ಪಾಗುತ್ತವೆ. ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸುವಂತೆಯೂ ಇಲ್ಲ. ಮೊದಲ ಟೆಸ್ಟಿನಲ್ಲಿ ನನ್ನ ಮಗಳಿಗೂ ಹೀಗೆಯೇ ಆಯಿತು. ಶಿಕ್ಷಕರು ಕಲಿಸಿದ ಉಪಾಯ ಸರಳವಾದದ್ದು: ಪ್ರತಿ ನಾಲ್ಕು ಪ್ರಶ್ನೆಗಳ ಗುಂಪು ಮುಗಿದಾಗ ಬೆರಳಿಟ್ಟು ಸಂಖ್ಯೆ ಹೊಂದಿಸಿ ನೋಡುವುದು, ಬಿಟ್ಟ ಪ್ರಶ್ನೆಯ ಸಂಖ್ಯೆಗೆ ಪ್ರಶ್ನೆಪತ್ರಿಕೆಯಲ್ಲೇ ಸುತ್ತು ಹಾಕುವುದು, ಕೊನೆಯ ಹತ್ತು ನಿಮಿಷದಲ್ಲಿ ಸುತ್ತು ಹಾಕಿದ್ದಕ್ಕೆಲ್ಲ ಏನಾದರೊಂದು ಉತ್ತರ ತುಂಬಿ ಬರುವುದು. ಅಂಕ ಕಳೆಯದ ಪರೀಕ್ಷೆಯಲ್ಲಿ ಖಾಲಿ ಬಿಡುವುದು ದಡ್ಡತನ ಎಂಬ ಮಾತು, ಗೊತ್ತಿಲ್ಲದಿದ್ದರೆ ಸುಮ್ಮನಿರು ಎಂದು ಶಾಲೆಯಲ್ಲಿ ಹೇಳಿಸಿಕೊಂಡು ಬೆಳೆದ ಮಗುವಿನ ತಲೆಗೆ ಹೋಗಲು ಹಲವು ಟೆಸ್ಟುಗಳೇ ಬೇಕಾದವು.

ಅಂಕಗಣಿತದ ಪಾಠಕ್ಕೆ ನಾನು ಅಷ್ಟೇ ಉತ್ಸಾಹದಿಂದ ಶಿಫಾರಸು ಕೊಡಲಾರೆ. 20 ಲೆಕ್ಕಗಳಿಗೆ ಸೂಚಿಸಿರುವ ಸಮಯ 30 ನಿಮಿಷ, ಅಂದರೆ ಲೆಕ್ಕವೊಂದಕ್ಕೆ ಒಂದೂವರೆ ನಿಮಿಷ. ಇಲ್ಲಿ ಬೇಕಾಗುವುದು ಮಗ್ಗಿಯ ಹಿಡಿತ, ಭಿನ್ನರಾಶಿ ಮತ್ತು ದಶಮಾಂಶ, ಲಸಾಅ-ಮಸಾಅ, ಅಳತೆಗಳ ಪರಿವರ್ತನೆ, ಸುತ್ತಳತೆ ಮತ್ತು ವಿಸ್ತೀರ್ಣ. ಇದರಲ್ಲಿ ಹೆಚ್ಚಿನದು ಐದನೆಯ ತರಗತಿಯೊಳಗೆ ಶಾಲೆಯಲ್ಲೇ ಬರುತ್ತದೆ. ಲಾಭ-ನಷ್ಟದಂಥ ಒಂದೆರಡು ವಿಷಯಗಳನ್ನು ಮಾತ್ರ ಹೊರಗಿನಿಂದ ಹೇಳಿಕೊಡಬೇಕು, ಏಕೆಂದರೆ ರಾಜ್ಯದ ಪಠ್ಯಕ್ರಮದಲ್ಲಿ ಅವು ಮೇಲಿನ ತರಗತಿಗಳ ಪಾಠ. ಆದರೆ ಈ ಕೇಂದ್ರದಲ್ಲಿ ಬಳಸುವ ಗೈಡ್ ಎಲ್ಲಿಂದಲೋ ಒಟ್ಟುಮಾಡಿದ್ದು. ಅದರಲ್ಲಿ ಚಕ್ರಬಡ್ಡಿಯೂ ಇದೆ, ಎದುರುಬದುರಾಗಿ ಬರುವ ಎರಡು ರೈಲುಗಳೂ ಇವೆ, ನಲ್ಲಿಯೊಂದು ತುಂಬಿಸುವಾಗ ಇನ್ನೊಂದು ಖಾಲಿ ಮಾಡುವ ತೊಟ್ಟಿಯೂ ಇದೆ. ಬ್ಯಾಂಕ್ ಪರೀಕ್ಷೆಗೆ ಓದುವ ಪದವೀಧರರು ಬಿಡಿಸುವ ಲೆಕ್ಕಗಳಿವು. ಪರೀಕ್ಷೆಯ ಮಾಹಿತಿ ಪುಸ್ತಿಕೆಯಲ್ಲಿ ಚಕ್ರಬಡ್ಡಿಯ ಸುಳಿವೂ ಇಲ್ಲವೆಂದು ತೋರಿಸಿ ಕೇಳಿದರೆ, ಕಷ್ಟದ್ದನ್ನು ಮಾಡಿದ ಮಗುವಿಗೆ ಸುಲಭದ್ದು ತಾನಾಗಿ ಬರುತ್ತದೆ ಎಂಬ ಉತ್ತರ ಸಿಕ್ಕಿತು. ನಾನು ಕಂಡದ್ದು ಬೇರೆ. ಸೂತ್ರವನ್ನು ಅರ್ಥವಿಲ್ಲದೆ ಉರುಹೊಡೆದ ಮಕ್ಕಳು, ಮುಕ್ಕಾಲು ಮತ್ತು ಮೂರನೆಯ ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದರು.

ಭಾಷೆಯ ಭಾಗವನ್ನಂತೂ ಬಹುತೇಕ ಕೈಬಿಟ್ಟಿದ್ದಾರೆ ಎನ್ನಬೇಕು. ಪರೀಕ್ಷೆಯಲ್ಲಿ ಬರುವುದು ನಾಲ್ಕು ಗದ್ಯಭಾಗ, ಒಂದೊಂದರ ಮೇಲೆ ಐದು ಪ್ರಶ್ನೆ. ಓದುವ ಅಭ್ಯಾಸವಿರುವ ಮಗುವಿಗೆ ಇದಕ್ಕಿಂತ ಸುಲಭದ 25 ಅಂಕ ಇನ್ನೆಲ್ಲೂ ಇಲ್ಲ. ಆದರೆ ಓದುವ ಅಭ್ಯಾಸವನ್ನು ಭಾನುವಾರದ ಒಂದು ಗಂಟೆಯಲ್ಲಿ ಯಾವ ಕೇಂದ್ರವೂ ತುಂಬಿಕೊಡಲಾರದು, ಹಾಗಾಗಿ ಇವರು ಅದರ ಬದಲು ಸಮಾನಾರ್ಥಕ, ವಿರುದ್ಧಾರ್ಥಕ ಪದಗಳ ಪಟ್ಟಿ ಬಾಯಿಪಾಠ ಮಾಡಿಸುತ್ತಾರೆ. ಮನೆಯಲ್ಲಿ ದಿನಪತ್ರಿಕೆಯ ಮಕ್ಕಳ ಪುರವಣಿಯನ್ನೋ ಶಾಲೆಯ ಗ್ರಂಥಾಲಯದ ಕಥೆಪುಸ್ತಕವನ್ನೋ ದಿನಕ್ಕೊಂದು ಪುಟದಂತೆ ಮಗುವಿನಿಂದ ಓದಿಸಿ, ಓದಿದ್ದರಲ್ಲಿ ಏನಿತ್ತು ಎಂದು ಕೇಳುವ ತಾಯಿಯೋ ತಂದೆಯೋ ಇದ್ದರೆ ಈ ಭಾಗಕ್ಕೆ ಕೋಚಿಂಗ್ ಖಂಡಿತ ಬೇಡ. ಓದಿಸುವವರಿಗೆ ಓದು ಬರದಿದ್ದರೂ ಕೇಳಿಸಿಕೊಳ್ಳಲು ಬಂದರೆ ಸಾಕು.

ಹಾಗಾದರೆ ಎಷ್ಟು ಕಾಲ ಬೇಕು? ನಾನು ಮಗಳ ಟೆಸ್ಟ್ ಹಾಳೆಗಳನ್ನೆಲ್ಲ ಕಡತದಲ್ಲಿಟ್ಟಿದ್ದೇನೆ. ಮೊದಲ ಕೆಲವು ಟೆಸ್ಟುಗಳಲ್ಲಿ ಅಂಕ ಚುರುಕಾಗಿ ಏರಿತು, ಮುಖ್ಯವಾಗಿ ಆಕೃತಿಗಳ ಭಾಗದಲ್ಲಿ. ಪ್ರಶ್ನೆಯ ಬಗೆ ಪರಿಚಯವಾದ ಕೂಡಲೆ ಸಿಗುವ ಏರಿಕೆ ಅದು. ಆಮೇಲೆ ಅದು ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿತು, ವಾರದಿಂದ ವಾರಕ್ಕೆ ಎರಡಂಕ ಮೇಲೆ, ಎರಡಂಕ ಕೆಳಗೆ. ಆಗಿನ ತಪ್ಪುಗಳನ್ನು ಬಿಡಿಸಿ ನೋಡಿದರೆ ಅವು ಅಭ್ಯಾಸದ ಕೊರತೆಯಿಂದ ಆದವಲ್ಲ. ಒಂದು ಕಡೆ ಗಮನ ತಪ್ಪಿದ್ದು, ಇನ್ನೊಂದು ಕಡೆ ಭಿನ್ನರಾಶಿಯ ತಳಪಾಯ ಗಟ್ಟಿಯಿಲ್ಲದ್ದು. ಮೊದಲನೆಯದಕ್ಕೆ ನಿದ್ದೆ ಬೇಕು, ಎರಡನೆಯದಕ್ಕೆ ಕೂತು ಕಲಿಸುವ ಶಿಕ್ಷಕರು ಬೇಕು. ಮತ್ತಷ್ಟು ಟೆಸ್ಟಿನಿಂದ ಎರಡೂ ಸರಿಹೋಗುವುದಿಲ್ಲ. ಐದನೆಯ ತರಗತಿಯ ಶಾಲೆ ಆರಂಭವಾದ ಮೇಲೆ ಶುರುಮಾಡಿ, ವಾರಕ್ಕೊಂದು ದಿನದಂತೆ ಮೂರ್ನಾಲ್ಕು ತಿಂಗಳು ಪ್ರಶ್ನೆಗಳ ಪರಿಚಯ, ಕೊನೆಯಲ್ಲಿ ಕೆಲವು ಪೂರ್ಣಾವಧಿಯ ಟೆಸ್ಟು: ಒಂದು ಸಾಧಾರಣ ಮಗುವಿಗೆ ಇದಕ್ಕಿಂತ ಹೆಚ್ಚಿನದನ್ನು ಈ ಪರೀಕ್ಷೆ ಕೇಳುವುದಿಲ್ಲ ಎಂಬುದು ನನ್ನ ತೀರ್ಮಾನ. ನಾಲ್ಕನೆಯ ತರಗತಿಯಿಂದಲೇ ಸೇರಿಸಿದ ಮಕ್ಕಳು ಇದೇ ಬ್ಯಾಚಿನಲ್ಲಿದ್ದರು. ಅವರು ಉಳಿದವರಿಗಿಂತ ಮುಂದಿದ್ದರು ಎಂದು ಹೇಳಲು ನನಗೆ ಆಧಾರ ಕಾಣಲಿಲ್ಲ, ಉಳಿದವರಿಗಿಂತ ಬೇಸತ್ತಿದ್ದರು ಎಂದು ಹೇಳಲು ಮಾತ್ರ ಸಾಕಷ್ಟು ಕಂಡಿತು.

ಇನ್ನು ವಸತಿ ಬ್ಯಾಚಿನ ವಿಚಾರ. ಸಂಸ್ಥೆಯ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ಇದೇ, ಲಾಭ ಇರುವುದೂ ಇದರಲ್ಲೇ. ವಾರಾಂತ್ಯದ ಬ್ಯಾಚಿಗೆ ನಾನು ಕಟ್ಟಿದ್ದು 7,000 ರೂಪಾಯಿ. ವಸತಿ ಬ್ಯಾಚಿಗೆ ಅಕ್ಕ-ಭಾವ ಕಟ್ಟಿದ್ದು 80,000 ರೂಪಾಯಿ, ಹಾಸಿಗೆ, ಪೆಟ್ಟಿಗೆ, ಗೈಡುಗಳ ಖರ್ಚು ಬೇರೆ. ಬಾಡಿಗೆಯ ಎರಡು ಮಹಡಿಯ ಮನೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಸಾಲಾಗಿ ಹಾಸಿಗೆ ಹಾಸಿ ಮಲಗುತ್ತಾರೆ. ಮಲಗಿದ ಜಾಗವೇ ಬೆಳಗಾದರೆ ತರಗತಿ. ಗೋಡೆಗೆ ಅಂಟಿಸಿದ ವೇಳಾಪಟ್ಟಿಯ ಮೊದಲ ಸಾಲು ಬೆಳಗಿನ ಐದು ಗಂಟೆಯದ್ದು, ಕೊನೆಯ ಸಾಲು ರಾತ್ರಿ ಒಂಬತ್ತೂವರೆಯದ್ದು. ನಡುವೆ ಆಟಕ್ಕೆಂದು ಬರೆದಿರುವ ಮುಕ್ಕಾಲು ಗಂಟೆಯಲ್ಲಿ ಬಟ್ಟೆ ಒಗೆದುಕೊಳ್ಳುವುದೂ ಸೇರಿದೆ. ಒಂಬತ್ತು-ಹತ್ತು ವರ್ಷದ ಮಕ್ಕಳಿಗೆ ಅಪ್ಪ-ಅಮ್ಮನ ಜೊತೆ ಮಾತಾಡಲು ವಾರಕ್ಕೊಮ್ಮೆ ಫೋನು. ಅಡುಗೆಯವರು ಒಳ್ಳೆಯವರು, ಊಟ ಹೊಟ್ಟೆ ತುಂಬ ಇತ್ತು ಎಂದು ಹುಡುಗನೇ ಹೇಳಿದ, ಅದನ್ನೂ ದಾಖಲಿಸಬೇಕು. ನಾನು ಮುಂದೆ ಹೇಳುವ ಆಕ್ಷೇಪ ಯಾರ ಕ್ರೌರ್ಯದ ಬಗ್ಗೆಯೂ ಅಲ್ಲ, ಈ ವ್ಯವಸ್ಥೆಯ ಬಗ್ಗೆ.

ಆಕ್ಷೇಪದಲ್ಲಿ ಮೊದಲನೆಯದು ನಿಯಮಕ್ಕೆ ಸಂಬಂಧಿಸಿದ್ದು, ಮತ್ತು ಇದನ್ನು ಸೇರಿಸುವ ಮೊದಲು ಯಾರೂ ತಂದೆತಾಯಿಗೆ ಬಿಡಿಸಿ ಹೇಳುವುದಿಲ್ಲ. ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿ ಹಾಕುತ್ತೀರೋ ಅದೇ ಜಿಲ್ಲೆಯ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಮಗು ಐದನೆಯ ತರಗತಿಯನ್ನು ಇಡೀ ಶೈಕ್ಷಣಿಕ ವರ್ಷ ಓದಿರಬೇಕು. ಗ್ರಾಮೀಣ ಕೋಟಾ ಬೇಕಾದರೆ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಮುಗಿಸಿರಬೇಕು. ಅಕ್ಕನ ಊರು ಪಕ್ಕದ ಜಿಲ್ಲೆಯಲ್ಲಿದೆ. ಹುಡುಗನ ಹೆಸರು ಅಲ್ಲಿನ ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿತ್ತು, ಹುಡುಗ ಮಾತ್ರ ಇಲ್ಲಿದ್ದ. ವಸತಿ ಬ್ಯಾಚಿನ ಲೆಕ್ಕಾಚಾರ ನಿಂತಿರುವುದೇ ಈ ಹೊಂದಾಣಿಕೆಯ ಮೇಲೆ, ಮತ್ತು ಅದು ಎಷ್ಟು ಸಲೀಸಾಗಿ ನಡೆಯುತ್ತದೆಂದರೆ ಅದರಲ್ಲೇನೂ ತಪ್ಪಿಲ್ಲವೆಂಬಂತೆ ಎಲ್ಲರೂ ಮಾತಾಡುತ್ತಾರೆ. ಆಯ್ಕೆಯಾದ ಮೇಲೆ ದಾಖಲೆಗಳ ಪರಿಶೀಲನೆ ಇರುತ್ತದೆ, ಮುಖ್ಯ ಶಿಕ್ಷಕರ ಸಹಿಯಿರುವ ಪ್ರಮಾಣಪತ್ರ ಕೇಳುತ್ತಾರೆ, ಮಾಹಿತಿ ಸುಳ್ಳೆಂದು ಕಂಡುಬಂದರೆ ಪ್ರವೇಶ ಹೋಗುತ್ತದೆ. ಆ ಅಪಾಯವನ್ನು ಹೊರುವುದು ಕೇಂದ್ರವಲ್ಲ, ಮಗುವಿನ ಮನೆಯವರು ಮತ್ತು ಸಹಿ ಹಾಕಿದ ಆ ಮೇಷ್ಟರು. ಅಪಾಯ ಒತ್ತಟ್ಟಿಗಿರಲಿ, ಐದನೆಯ ತರಗತಿಯ ಕನ್ನಡ, ಪರಿಸರ ಅಧ್ಯಯನ, ಇಂಗ್ಲಿಷ್ ಯಾವುದನ್ನೂ ಹುಡುಗ ಓದಲಿಲ್ಲ. ಸೀಟು ಸಿಗದಿದ್ದರೆ ಆರನೆಯ ತರಗತಿಯಲ್ಲಿ ಅವನು ಕೂರಬೇಕಾದದ್ದು ಅದೇ ಹಳ್ಳಿಯ ಶಾಲೆಯಲ್ಲಿ, ಒಂದು ವರ್ಷದ ಪಾಠ ತಪ್ಪಿಸಿಕೊಂಡವನಾಗಿ. ಒಂದು ಶಾಲೆಗೆ 80 ಸೀಟು ಇರುವಾಗ ಸಿಗದಿರುವ ಸಾಧ್ಯತೆಯೇ ಹೆಚ್ಚು ಎಂಬುದಕ್ಕೆ ಗಣಿತದ ಪಾಠ ಬೇಕಾಗಿಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳ ನಿಯಂತ್ರಣಕ್ಕಾಗಿ ಹೊರಡಿಸಿದ ಮಾರ್ಗಸೂಚಿಯನ್ನು ಈ ಸಂದರ್ಭದಲ್ಲಿ ಓದಬೇಕು. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳು ಅದರ ವ್ಯಾಪ್ತಿಗೆ ಬರುತ್ತವೆ. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಅಥವಾ ಪ್ರೌಢಶಾಲಾ ಪರೀಕ್ಷೆ ಮುಗಿದ ಮೇಲಷ್ಟೇ ಸೇರಿಸಿಕೊಳ್ಳಬೇಕು, ಶಾಲೆಯ ವೇಳೆಯಲ್ಲಿ ತರಗತಿ ನಡೆಸಬಾರದು, ದಿನಕ್ಕೆ ಐದು ಗಂಟೆ ಮೀರಬಾರದು, ತೀರ ಬೆಳಗಿನ ಜಾವ ಮತ್ತು ತೀರ ತಡರಾತ್ರಿ ಬೇಡ ಎಂದೆಲ್ಲ ಅದರಲ್ಲಿದೆ. ಇದನ್ನು ಜಾರಿಗೆ ತರುವ ಹೊಣೆಯನ್ನು ರಾಜ್ಯಗಳಿಗೆ ಬಿಡಲಾಗಿದೆ. ರಾಜಸ್ಥಾನದ ಕೋಟಾದಂಥ ಕೋಚಿಂಗ್ ಊರುಗಳ ಹದಿಹರೆಯದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾರ್ಗಸೂಚಿ ಅದು ಎಂದು ಓದಿದರೇ ತಿಳಿಯುತ್ತದೆ. ಒಂಬತ್ತು ವರ್ಷದ ಮಗುವನ್ನು ಬೆಳಗಿನ ಐದಕ್ಕೆ ಎಬ್ಬಿಸಿ ಕನ್ನಡಿ ಬಿಂಬ ಕಲಿಸುವ ಒಂದು ಉದ್ಯಮ ಇದೆ ಎಂಬುದು ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ನಾನು ಈ ವಿಷಯ ಎತ್ತಿದಾಗ ಸಂಸ್ಥೆಯವರು, ತಮ್ಮದು ಕೋಚಿಂಗ್ ಅಲ್ಲ, "ಶೈಕ್ಷಣಿಕ ಮಾರ್ಗದರ್ಶನ ಕೇಂದ್ರ" ಎಂದು ಬೋರ್ಡು ತೋರಿಸಿದರು.

ಎರಡನೆಯ ಆಕ್ಷೇಪ "ಕಾಂಬೋ ಬ್ಯಾಚ್" ಎಂಬ ಸರಕಿನ ಬಗ್ಗೆ. ನವೋದಯ, ಸೈನಿಕ ಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಹೆಣ್ಣುಮಕ್ಕಳಾದರೆ ಕಿತ್ತೂರು ರಾಣಿ ಚೆನ್ನಮ್ಮ ಸೈನಿಕ ವಸತಿ ಶಾಲೆ, ಎಲ್ಲಕ್ಕೂ ಒಂದೇ ತಯಾರಿ ಎಂದು ಇದನ್ನು ಮಾರುತ್ತಾರೆ. ಕೇಳಲು ಲಾಭದ ಮಾತು. ಆದರೆ ಈ ಪರೀಕ್ಷೆಗಳು ಒಂದೇ ಬಗೆಯವಲ್ಲ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಿಗೆ ನಡೆಯುವ ಅಖಿಲ ಭಾರತ ಪರೀಕ್ಷೆಯಲ್ಲಿ ಆರನೆಯ ತರಗತಿಗೆ 125 ಪ್ರಶ್ನೆ, 300 ಅಂಕ, ಎರಡೂವರೆ ಗಂಟೆ. ಅದರಲ್ಲಿ ಅರ್ಧ, ಅಂದರೆ 150 ಅಂಕ, ಗಣಿತದ್ದೇ, ಜೊತೆಗೆ ಸಾಮಾನ್ಯ ಜ್ಞಾನದ 25 ಪ್ರಶ್ನೆ. ನವೋದಯದಲ್ಲಿ ಗಣಿತ ಕಾಲುಭಾಗ, ಸಾಮಾನ್ಯ ಜ್ಞಾನ ಸೊನ್ನೆ. ಕಾಂಬೋ ಬ್ಯಾಚಿನಲ್ಲಿ ಎರಡನ್ನೂ ಬೆರೆಸುವುದರಿಂದ ನವೋದಯವೊಂದನ್ನೇ ಬರೆಯಲಿದ್ದ ಅಕ್ಕನ ಮಗ ದೇಶಗಳ ರಾಜಧಾನಿ, ನಾಣ್ಯ, ಅತಿ ಉದ್ದದ ನದಿ, ಅತಿ ಎತ್ತರದ ಅಣೆಕಟ್ಟುಗಳನ್ನು ವರ್ಷವಿಡೀ ಬಾಯಿಪಾಠ ಮಾಡಿದ. ಸಂಜೆಯ ಪ್ರಾರ್ಥನೆಯ ನಂತರ ನೂರು ಪ್ರಶ್ನೆಗಳಿಗೆ ಮಕ್ಕಳೆಲ್ಲ ಒಕ್ಕೊರಲಿನಿಂದ ಉತ್ತರ ಹೇಳುವುದನ್ನು ಭೇಟಿಯ ದಿನ ಪಾಲಕರ ಮುಂದೆ ಪ್ರದರ್ಶನಕ್ಕೆ ಇಡುತ್ತಾರೆ. ಭಾವನವರು ಹೆಮ್ಮೆಯಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ಇನ್ನೊಂದು ವ್ಯತ್ಯಾಸವನ್ನೂ ಪಾಲಕರು ತಿಳಿದಿರಬೇಕು: ಸೈನಿಕ ಶಾಲೆಯಲ್ಲಿ ಸೀಟು ಸಿಕ್ಕ ಮೇಲೆ ವರ್ಷವರ್ಷ ದೊಡ್ಡ ಮೊತ್ತದ ಶುಲ್ಕವಿದೆ, ನವೋದಯದಲ್ಲಿ ಆರರಿಂದ ಎಂಟರವರೆಗೆ ಶುಲ್ಕವೇ ಇಲ್ಲ. ಯಾವ ಶಾಲೆ ಬೇಕೆಂದು ಮೊದಲು ಮನೆಯಲ್ಲಿ ತೀರ್ಮಾನಿಸಿ, ಆಮೇಲೆ ಪರೀಕ್ಷೆ ಆರಿಸಬೇಕು.

ಪ್ರವೇಶದ್ವಾರದ ಫ್ಲೆಕ್ಸಿನ ಬಗ್ಗೆ ಎರಡು ಮಾತು. ಆಯ್ಕೆಯಾದ ಮಕ್ಕಳ ಫೋಟೋಗಳು ಅದರಲ್ಲಿ ಒತ್ತೊತ್ತಾಗಿವೆ. ಅವರಲ್ಲಿ ಯಾರು ವಸತಿ ಬ್ಯಾಚಿನವರು, ಯಾರು ಕೊನೆಯ ತಿಂಗಳು ಬರೀ ಟೆಸ್ಟ್ ಬರೆಯಲು ಬಂದವರು, ಒಟ್ಟು ಎಷ್ಟು ಮಕ್ಕಳು ಬರೆದು ಇಷ್ಟು ಜನ ಆಯ್ಕೆಯಾದರು ಎಂಬುದು ಎಲ್ಲೂ ಇಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಯಶಸ್ವಿ ಅಭ್ಯರ್ಥಿಯ ಫೋಟೋ ಬಳಸಲು ಆಯ್ಕೆಯ ನಂತರ ಪಡೆದ ಲಿಖಿತ ಒಪ್ಪಿಗೆ ಬೇಕು, ಆತ ತೆಗೆದುಕೊಂಡ ಕೋರ್ಸ್ ಯಾವುದು ಎಂಬುದನ್ನೂ ಫೋಟೋದ ಜೊತೆಗೇ ತಿಳಿಸಬೇಕು. ನಾನು ಪ್ರವೇಶ ಅರ್ಜಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಕಂಡು, ಫೋಟೋ ಬಳಕೆಗೆ ಮುಂಚಿತವಾಗಿಯೇ ಒಪ್ಪಿಗೆ ಕೇಳುವ ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದೆ. ಅವರು ಏನೂ ಅನ್ನಲಿಲ್ಲ. ಬಹುಶಃ ಯಾರೂ ಓದುವುದಿಲ್ಲ.

ಕೋಚಿಂಗ್ ಇಲ್ಲದೆ ಈ ತಯಾರಿ ಸಾಧ್ಯವೇ ಎಂದರೆ, ಸಾಧ್ಯ ಎಂಬುದಕ್ಕೆ ಸಾಕ್ಷಿ ನಮ್ಮ ಊರಿನ ಸರ್ಕಾರಿ ಶಾಲೆಯಲ್ಲೇ ಇದೆ. ಅಲ್ಲಿನ ಒಬ್ಬ ಮೇಷ್ಟರು ಐದನೆಯ ತರಗತಿಯ ಆಸಕ್ತ ಮಕ್ಕಳನ್ನು ಸಂಜೆ ಒಂದು ಗಂಟೆ ಉಳಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ, ಯಾರಿಂದಲೂ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಮಗಳ ಭಿನ್ನರಾಶಿ ಕಡೆಗೂ ಸರಿಹೋದದ್ದು ಅವರ ಹತ್ತಿರ, ರೊಟ್ಟಿಯನ್ನು ತುಂಡುಮಾಡುವ ಹಳೆಯ ವಿಧಾನದಿಂದಲೇ. ನವೋದಯ ಸಮಿತಿಯ ಜಾಲತಾಣದಲ್ಲಿ ಮಾಹಿತಿ ಪುಸ್ತಿಕೆ ಉಚಿತವಾಗಿ ಸಿಗುತ್ತದೆ. ಮಾನಸಿಕ ಸಾಮರ್ಥ್ಯದ ಬಗೆಗಳ ಸೂಚನೆ ಮತ್ತು ಮಾದರಿ ಪ್ರಶ್ನೆಗಳು, ಅಂಕಗಣಿತದ ವಿಷಯಗಳ ಪಟ್ಟಿ ಎಲ್ಲ ಅದರಲ್ಲಿವೆ. ಅರ್ಜಿಗೂ ಶುಲ್ಕವಿಲ್ಲ. ಮನೆಯಲ್ಲಿ ಕೂತು ಹೇಳಿಕೊಡುವವರಿದ್ದರೆ, ಊರಿನಲ್ಲಿ ಇಂಥ ಮೇಷ್ಟರಿದ್ದರೆ, ಕೇಂದ್ರದಿಂದ ಪಡೆಯಬೇಕಾದದ್ದು ಅಪರಿಚಿತ ಮಕ್ಕಳ ನಡುವೆ ಗಡಿಯಾರದ ಎದುರು ಕೂತು ಬರೆಯುವ ಅಭ್ಯಾಸವಷ್ಟೇ. ಇವೆರಡೂ ಇಲ್ಲದ ಮನೆಗಳ ಮಾತು ಬೇರೆ. ಕೂಲಿಗೆ ಹೋಗುವ ತಂದೆತಾಯಿಯ ಮಗುವಿಗೆ ವಾರಾಂತ್ಯದ ಬ್ಯಾಚಿನಿಂದ ಆಗುವ ಉಪಯೋಗ ನನ್ನ ಮಗಳಿಗೆ ಆದದ್ದಕ್ಕಿಂತ ಹೆಚ್ಚು, ಮತ್ತು 7,000 ರೂಪಾಯಿ ಕಟ್ಟಲು ಆಗದೆ ಹೊರಗುಳಿಯುವ ಮಗುವೂ ಅದೇ. ಹಳ್ಳಿಯ ಪ್ರತಿಭೆಗೆಂದು ಕಟ್ಟಿದ ಶಾಲೆಯ ಹೊಸ್ತಿಲಿಗೆ ಹೀಗೆ ಒಂದು ಖಾಸಗಿ ಸುಂಕದ ಕಟ್ಟೆ ಬಂದು ಕೂತಿದೆ. ಕೇಂದ್ರ ಎಷ್ಟೇ ಚೆನ್ನಾಗಿ ಕಲಿಸಿದರೂ ಸೀಟು 80ರಿಂದ 81 ಆಗುವುದಿಲ್ಲ. ಆ 80ರಲ್ಲಿ ಯಾರು ಎಂಬುದು ಮಾತ್ರ ಬದಲಾಗುತ್ತದೆ.

ಒಂದೇ ಅವಕಾಶ ಎಂಬ ಭಯದ ಮಾತಿಗೂ ಅರ್ಧ ಉತ್ತರವಿದೆ. ಆರನೆಯ ತರಗತಿಗೆ ಒಮ್ಮೆ ಮಾತ್ರ ಎಂಬುದು ನಿಜ. ಆದರೆ ಒಂಬತ್ತನೆಯ ತರಗತಿಯಲ್ಲಿ ಖಾಲಿಯಾಗುವ ಸೀಟುಗಳಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ ನಡೆಯುತ್ತದೆ. ಗಣಿತ, ವಿಜ್ಞಾನ, ಇಂಗ್ಲಿಷ್, ಹಿಂದಿ ಅದರ ವಿಷಯಗಳು. ಸೀಟು ಕಡಿಮೆ, ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಈ ಸಂಗತಿಯನ್ನು ಕೋಚಿಂಗ್ ಕಚೇರಿಯಲ್ಲಿ ಯಾರೂ ನನಗೆ ಹೇಳಲಿಲ್ಲ.

ವಾರಾಂತ್ಯದ ಬ್ಯಾಚಿಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ: ಆಕೃತಿಗಳಿಗೂ ಟೆಸ್ಟುಗಳಿಗೂ ಪೂರ್ತಿ, ಗಣಿತಕ್ಕೆ ಅರ್ಧ, ಭಾಷೆಗೆ ಏನೂ ಇಲ್ಲ. ವಸತಿ ಬ್ಯಾಚಿಗೆ ಒಂದು, ಅದೂ ಅಡುಗೆಯವರಿಗೆ. ಸೇರಿಸಲೇಬೇಕೆಂದಿದ್ದರೆ ಇಡೀ ಕೋರ್ಸಿನ ಬದಲು ಟೆಸ್ಟ್ ಸರಣಿಗೆ ಮಾತ್ರ ಸೇರಿಸುತ್ತೀರಾ ಎಂದು ಕೇಳಿ. ಫ್ಲೆಕ್ಸಿನಲ್ಲಿ ಇಲ್ಲದಿದ್ದರೂ ಕೇಳಿದವರಿಗೆ ಕಡಿಮೆ ಹಣಕ್ಕೆ ಕೊಡುತ್ತಾರೆ ಎಂಬುದು ನನಗೆ ತಡವಾಗಿ ಇನ್ನೊಬ್ಬ ಪಾಲಕರಿಂದ ತಿಳಿಯಿತು. ಮಗು ಬರೆದ ಉತ್ತರದ ಹಾಳೆಯನ್ನು ಪ್ರತಿ ವಾರ ಮನೆಗೆ ಕಳಿಸುತ್ತಾರೆಯೇ ಎಂದು ವಿಚಾರಿಸಿ, ಬರೀ ರ‍್ಯಾಂಕನ್ನು ವಾಟ್ಸಾಪಿಗೆ ಹಾಕುವ ಕಡೆ ಸೇರಿಸಬೇಡಿ. ಶುಲ್ಕವನ್ನು ಕಂತುಗಳಲ್ಲಿ ಕಟ್ಟಿ, ಪ್ರತಿ ಕಂತಿಗೂ ರಸೀದಿ ಪಡೆಯಿರಿ. ಪೂರ್ತಿ ಶುಲ್ಕ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕೆಂದು ಶಿಕ್ಷಣ ಸಚಿವಾಲಯದ ಅದೇ 2024ರ ಜನವರಿಯ ಮಾರ್ಗಸೂಚಿ ಹೇಳುತ್ತದೆ, ಆದರೆ ರಸೀದಿಯಿಲ್ಲದವರು ಅದನ್ನು ಕೇಳುವುದಾದರೂ ಹೇಗೆ?